ಲಾರಿ ಸ್ಪ್ರಿಂಗ್ ಪ್ಲೇಟಿನಿಂದ ಅಡುಗೆಮನೆ ಚಾಕು: ನನ್ನ ಅನುಭವ

ನಾನು ಮಾಡಿದ ಮೊದಲ ಚಾಕು ನೀರಿನ ಬಕೆಟ್ಟಿನಲ್ಲಿ ಬಿರುಕು ಬಿಟ್ಟಿತು. ಕೆಂಪಗೆ ಕಾದ ಅಲಗನ್ನು ಅದ್ದಿದೆ. ಚುಂಯ್ ಅಂತು, ಅದರ ಹಿಂದೆಯೇ ಟಿಕ್ ಅಂತ ಸಣ್ಣ ಸದ್ದು. ಎತ್ತಿ ನೋಡಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಕೂದಲೆಳೆಯಷ್ಟು ಬಿರುಕು. ಮೂರು ಭಾನುವಾರ ಕೂತು ಉಜ್ಜಿದ ಕೆಲಸ ಅದು. ಆ ರಾತ್ರಿ ಊಟ ರುಚಿಸಲಿಲ್ಲ.

ಅದನ್ನು ನಮ್ಮ ಸಂತೆಗೆ ಕುಡುಗೋಲು, ಮಚ್ಚು ತರುವ ಕಮ್ಮಾರರಿಗೆ ತೋರಿಸಿದೆ. ವಯಸ್ಸಾದವರು. ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. "ನಾವೂ ನೀರಿಗೇ ಹಾಕ್ತೀವಿ ಸ್ವಾಮಿ. ಆದ್ರೆ ಬಾಯಿ ಮಾತ್ರ ಮುಟ್ಟಿಸಿ ತೆಗೀತೀವಿ. ನೀವು ಪೂರ್ತಿ ಮುಳುಗಿಸಿಬಿಟ್ರಿ. ಇಷ್ಟು ತೆಳ್ಳಗಿರೋದಕ್ಕೆ ಎಣ್ಣೆ ಕುಡಿಸಿ" ಅಂದರು. "ಕಲಿಸ್ತೀರಾ ಯಜಮಾನ್ರೆ?" ಅಂದೆ. "ಬನ್ನಿ, ಬೆಳಿಗ್ಗೆ ಬೇಗ ಬನ್ನಿ" ಅಂದರು. ನನ್ನ ಕೆಲಸ ದಾರಿಗೆ ಬಂದಿದ್ದು ಅಲ್ಲಿಂದ.

ಉಕ್ಕಿಗೆ ನಾನು ನೆಚ್ಚಿಕೊಂಡಿರುವುದು ಗುಜರಿಯ ಲಾರಿ ಸ್ಪ್ರಿಂಗ್ ಪ್ಲೇಟನ್ನು. ಅದರಲ್ಲಿ ಇಂಗಾಲ ಶೇ. 0.5ರಿಂದ 0.6ರ ಆಸುಪಾಸು ಇರುತ್ತದೆ. ಗೇಟು, ಕಿಟಕಿ ಮಾಡುವ ಮೈಲ್ಡ್ ಸ್ಟೀಲಿನಲ್ಲಿ ಅದರ ಅರ್ಧವೂ ಇರುವುದಿಲ್ಲ, ಎಷ್ಟು ಕಾಯಿಸಿ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಆದರೆ ಹಳೆಯ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ತುಂಡಾಗಿ ಬಂದ ಪ್ಲೇಟನ್ನಂತೂ ನಾನು ಮುಟ್ಟುವುದೇ ಇಲ್ಲ. ಇನ್ನೊಂದು ತೊಂದರೆ ದಪ್ಪ. ಅಡುಗೆ ಚಾಕುವಿಗೆ ಬೆನ್ನು ಎರಡೂವರೆ ಮೂರು ಮಿ.ಮೀ. ಇದ್ದರೆ ಸಾಕು, ಪ್ಲೇಟು ಅದರ ಎರಡರಷ್ಟು, ಮೂರರಷ್ಟು ದಪ್ಪ. ಅದನ್ನು ಬಡಿದು ತೆಳ್ಳಗೆ ಮಾಡುವ ತೋಳು ನನಗಿಲ್ಲ. ಹಾಗಾಗಿ ಕಮ್ಮಾರರ ಕುಲುಮೆಯಲ್ಲೇ ಕೂಲಿ ಕೊಟ್ಟು ಬಡಿಸಿಕೊಂಡು ಬರುತ್ತೇನೆ. ಕೊನೆಯಲ್ಲಿ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಲು ಹೇಳುತ್ತೇನೆ. ನಿಧಾನವಾಗಿ ಆರಿದರೆ ಉಕ್ಕು ಮೆತ್ತಗಾಗುತ್ತದೆ, ಅರ (ಫೈಲ್) ಕಚ್ಚುತ್ತದೆ.

ಮನೆಯ ಹಿಂದಿನ ಶೆಡ್ಡಿನಲ್ಲಿ ಇರುವುದು ಇಷ್ಟೇ: ಗಟ್ಟಿ ಬೆಂಚಿಗೆ ಬೋಲ್ಟ್ ಹಾಕಿದ ವೈಸ್, ಒರಟು ಅರ ಒಂದು, ನಯ ಅರ ಎರಡು, ಹ್ಯಾಕ್ಸಾ, ಡ್ರಿಲ್, ನಾಲ್ಕಿಂಚಿನ ಗ್ರೈಂಡರ್. ಗ್ರೈಂಡರನ್ನು ಹೊರ ಆಕಾರ ಕತ್ತರಿಸುವುದಕ್ಕೆ ಮಾತ್ರ ಬಳಸುತ್ತೇನೆ. ಕನ್ನಡಕ, ಮಾಸ್ಕ್ ಇಲ್ಲದೆ ಸ್ವಿಚ್ ಮುಟ್ಟುವುದಿಲ್ಲ. ಬೆನ್ನಿನಿಂದ ಬಾಯಿಯ ಕಡೆಗೆ ತೆಳ್ಳಗಾಗುತ್ತಾ ಹೋಗುವ ಇಳಿಜಾರು ತೆಗೆಯುವುದೆಲ್ಲ ಅರದಲ್ಲೇ. ಗ್ರೈಂಡರಿನಲ್ಲಿ ಒಂದು ಕ್ಷಣ ಕೈ ಜಾರಿದರೆ ಆ ಗುಂಡಿ ತೆಗೆಯಲು ಇಡೀ ಅಲಗನ್ನು ಇಳಿಸಬೇಕು. ಅರ ಹಾಗೆ ಮೋಸ ಮಾಡುವುದಿಲ್ಲ.

ಅರ ಹಾಕುವಾಗ ನೆನಪಿಡಬೇಕಾದ್ದು ಸ್ವಲ್ಪವೇ. ಮುಂದೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದೆ ಎಳೆಯುವಾಗ ಎತ್ತಬೇಕು, ಇಲ್ಲದಿದ್ದರೆ ಹಲ್ಲು ಬೇಗ ಸವೆಯುತ್ತದೆ. ಅರಕ್ಕೆ ಸೀಮೆಸುಣ್ಣ ಬಳಿದುಕೊಂಡರೆ ಉಕ್ಕಿನ ಪುಡಿ ಹಲ್ಲಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಗೀರು ಬೀಳುವುದಿಲ್ಲ. ಬಾಯಿಯ ನಟ್ಟನಡುವೆ ಗೆರೆ ಹಾಕಲು ಅಲಗಿನ ದಪ್ಪದ್ದೇ ಡ್ರಿಲ್ ಬಿಟ್ ತೆಗೆದುಕೊಂಡು, ಎರಡನ್ನೂ ಸಮತಟ್ಟಾದ ಗಾಜಿನ ಮೇಲೆ ಮಲಗಿಸಿ, ಬಿಟ್ಟಿನ ಮೊನೆಯಿಂದ ಎಳೆದರೆ ಸಾಕು. ಎರಡೂ ಕಡೆ ಆ ಗೆರೆಯ ಕಡೆಗೆ ಸಮನಾಗಿ ಇಳಿಸಬೇಕು. ಬಾಯಿಯನ್ನು ಈಗಲೇ ಚೂಪು ಮಾಡಬಾರದು, ಒಂದು ಮಿ.ಮೀ. ದಪ್ಪ ಉಳಿಸಬೇಕು. ತೀರಾ ತೆಳ್ಳಗಿದ್ದರೆ ಎಣ್ಣೆಯಲ್ಲಿ ಅದ್ದಿದಾಗ ಸೊಟ್ಟಗಾಗುತ್ತದೆ. ಹಿಡಿಯ ಪಿನ್ನಿನ ತೂತುಗಳನ್ನೂ ಈಗಲೇ ಕೊರೆಯಬೇಕು, ಗಟ್ಟಿಯಾದ ಮೇಲೆ ಡ್ರಿಲ್ ಇಳಿಯುವುದಿಲ್ಲ.

ಈಗ ಬೆಂಕಿ. ನನ್ನ ಕುಲುಮೆ ಅಂದರೆ ಜೇಡಿಮಣ್ಣು ಮೆತ್ತಿದ ಗುಂಡಿ, ಅದರ ತಳಕ್ಕೆ ತೂತು ಹಾಕಿದ ಕಬ್ಬಿಣದ ಪೈಪು, ತಿದಿಯ ಬದಲು ಹಳೆಯ ಹೇರ್ ಡ್ರೈಯರ್. ಪೈಪು ಜಿಐ ಆಗಿರಬಾರದು. ಅದರ ಮೇಲಿನ ಸತು ಕಾದರೆ ಬರುವ ಹೊಗೆಗೆ ಚಳಿಜ್ವರ ಬರುತ್ತದೆ. ಇದ್ದಿಲು ಮರದ್ದಾದರೂ ಸರಿ, ತೆಂಗಿನ ಚಿಪ್ಪಿನದಾದರೂ ಸರಿ.

ಈ ಕೆಲಸಕ್ಕೆ ನಾನು ಕೂರುವುದು ಸಂಜೆ ಕತ್ತಲಾದ ಮೇಲೆ. ಬಿಸಿಲಿನಲ್ಲಿ ಉಕ್ಕಿನ ಬಣ್ಣ ಸುಳ್ಳು ಹೇಳುತ್ತದೆ. ಮೊದಲು ಮೂರು ಸಲ ಕೆಂಪಗೆ ಕಾಯಿಸಿ ಗಾಳಿಯಲ್ಲಿ ಆರಿಸುತ್ತೇನೆ, ಬಡಿದಾಗ ಸೇರಿದ ಬಿಗಿ ಸಡಿಲವಾಗುತ್ತದೆ. ನಾಲ್ಕನೇ ಸಲ ಕಾಯಿಸುವಾಗ ಆಯಸ್ಕಾಂತ ಪಕ್ಕದಲ್ಲೇ ಇರುತ್ತದೆ. ಸುಮಾರು 770 ಡಿಗ್ರಿ ದಾಟಿದರೆ ಉಕ್ಕು ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಷ್ಟಕ್ಕೇ ಅದ್ದಬಾರದು, ಇನ್ನೂ ಸ್ವಲ್ಪ ಕಾಯಬೇಕು. ಆಗ ಕಣ್ಣಿಟ್ಟು ನೋಡಿದರೆ ಕೆಂಪಿನೊಳಗೆ ಮೋಡದಂಥ ಒಂದು ನೆರಳು ಕಾಣುತ್ತದೆ. ಬಾಯಿಯ ಕಡೆಯಿಂದ ಬೆನ್ನಿಗೆ ಮೆಲ್ಲಗೆ ಸರಿಯುತ್ತದೆ, ಬೆನ್ನಿನಲ್ಲಿ ಕರಗಿ ಮಾಯವಾಗುತ್ತದೆ. ಉಕ್ಕು ಒಳಗೊಳಗೇ ರೂಪ ಬದಲಿಸುತ್ತಿರುವ ಗುರುತು ಅದು. ಮೊದಲ ಸಲ ಕಂಡಾಗ ಉಸಿರು ಬಿಗಿಹಿಡಿದು ನೋಡಿದ್ದೆ. ಆ ನೆರಳು ಹೋಗಿ ಇಡೀ ಅಲಗು ಒಂದೇ ಬಣ್ಣಕ್ಕೆ ಬಂದ ಮೇಲೆ ತಡ ಮಾಡಬಾರದು. ಜಾಸ್ತಿ ಕಾಯಿಸಿದರೆ ಉಕ್ಕಿನೊಳಗಿನ ಕಣ ದಪ್ಪಗಾಗುತ್ತದೆ. ಅನುಮಾನವಿದ್ದರೆ ಅದೇ ಉಕ್ಕಿನ ಚೂರೊಂದನ್ನು ಮೊದಲು ಕಾಯಿಸಿ, ಅದ್ದಿ, ಮುರಿದು ನೋಡಿ. ಮುರಿದ ಜಾಗ ಬೂದು ರೇಷ್ಮೆಯಂತಿದ್ದರೆ ಸರಿ. ಸಕ್ಕರೆ ಹರಳಿನಂತೆ ಮಿನುಗಿದರೆ ಕಾವು ಹೆಚ್ಚಾಯಿತು.

ಎಣ್ಣೆ ಶೇಂಗಾದ್ದು. 50–60 ಡಿಗ್ರಿಗೆ ಬೆಚ್ಚಗೆ ಮಾಡಿಕೊಳ್ಳುತ್ತೇನೆ, ತಣ್ಣಗಿರುವ ಎಣ್ಣೆ ಗಟ್ಟಿಯಿದ್ದು ಬೇಗ ಶಾಖ ಎಳೆಯುವುದಿಲ್ಲ. ಪಾತ್ರೆ ಆಳವಾದ ಕಬ್ಬಿಣದ್ದೇ ಆಗಬೇಕು, ಪಕ್ಕದಲ್ಲಿ ಮುಚ್ಚಳ ಇರಲೇಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಬೇಕು, ನೀರು ಹಾಕಬಾರದು. ಹಳೆಯ ಎಂಜಿನ್ ಆಯಿಲ್ ಸುಮ್ನೆ ಸಿಗುತ್ತೆ ಅಂತ ಬಳಸಬೇಡಿ, ಆ ಹೊಗೆ ಒಳ್ಳೆಯದಲ್ಲ. ಅಲಗನ್ನು ನೇರವಾಗಿ ಇಳಿಸಿ, ತುದಿ-ಹಿಡಿ ದಿಕ್ಕಿನಲ್ಲಿ ಮಾತ್ರ ಆಡಿಸಬೇಕು. ಅಕ್ಕಪಕ್ಕ ಆಡಿಸಿದರೆ ಬಾಗುತ್ತದೆ. ಹೊರಗೆ ತೆಗೆದು ಬಾಯಿಗೆ ಅರ ಹಾಕಿ ನೋಡಿ. ಗಾಜಿನ ಮೇಲೆ ಜಾರಿದ ಹಾಗೆ ಕಿರ್ ಅಂತ ಜಾರಿದರೆ ಗಟ್ಟಿಯಾಗಿದೆ.

ಈ ಹೊತ್ತಿನಲ್ಲಿ ಕೆಳಗೆ ಬಿದ್ದರೂ ಒಡೆಯಬಹುದು. ಅದೇ ರಾತ್ರಿ ಹದ ಇಳಿಸಲೇಬೇಕು, ಅಂದರೆ ಮತ್ತೆ ಹದವಾಗಿ ಕಾಯಿಸಿ ಆ ಗಡಸನ್ನು ಸ್ವಲ್ಪ ತಗ್ಗಿಸಬೇಕು. ಅಲಗನ್ನು ಬೆಳ್ಳಗೆ ಉಜ್ಜಿ, ಓವನ್ನಿನಲ್ಲಿ 200 ಡಿಗ್ರಿಗೆ ಎರಡು ಗಂಟೆಯಂತೆ ಎರಡು ಸಲ ಇಡುತ್ತೇನೆ. ಒಣಹುಲ್ಲಿನ ಬಣ್ಣ ಬರಬೇಕು. ಓವನ್ನಿನ ಗುಂಡಿ ತೋರಿಸುವ ಡಿಗ್ರಿಯನ್ನು ನಂಬದೆ ಒಳಗೊಂದು ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. "ನನ್ನ ಕೇಕಿಗೆ ಎಣ್ಣೆ ಹೊಗೆ ವಾಸನೆ ಬಂದ್ರೆ ನೋಡು" ಅಂತ ಅಮ್ಮ ಹೇಳಿದ್ದರಿಂದ ಅಲಗನ್ನು ಸೋಪು ಹಾಕಿ ತೊಳೆದೇ ಒಳಗಿಡುತ್ತೇನೆ.

ಆಮೇಲೆ ಉಜ್ಜುವಾಗೆಲ್ಲ ಅಲಗು ಬರಿ ಕೈಯಲ್ಲಿ, ಪಕ್ಕದಲ್ಲಿ ನೀರಿನ ಡಬ್ಬ. ಬೆರಳಿಗೆ ಬಿಸಿ ತಾಕಿದ ಕೂಡಲೇ ಅದ್ದಬೇಕು. ಬಾಯಿ ನೀಲಿ ಬಣ್ಣಕ್ಕೆ ತಿರುಗಿತೋ, ಅಲ್ಲಿಗೆ ಆ ಜಾಗದ ಹದ ಹೋಯಿತು. ಎಮರಿ ಪೇಪರ್ 120ರಿಂದ 600ರವರೆಗೆ, ಅಷ್ಟೇ.

ಹಿಡಿಗೆ ಒಣಗಿದ ಹುಣಸೆ ಮರದ ಎರಡು ಹೋಳು, ಹಿತ್ತಾಳೆ ಪಿನ್ನು, ಅರಾಲ್ಡೈಟ್. ಒಂದು ದಿನ ಪೂರ್ತಿ ಬಿಡಬೇಕು. ಮೂಲೆಗಳನ್ನು ಅಮ್ಮನ ಕೈಯಲ್ಲೇ ಹಿಡಿಸಿ ನೋಡಿ ತೆಗೆದೆ. ನನ್ನ ಅಂಗೈಗೆ ಹಿತವಾಗಿದ್ದದ್ದು ಅವರಿಗೆ ದಪ್ಪವಾಗಿತ್ತು.

ಸಾಣೆಕಲ್ಲು ಮೊದಲು 400 ನಂಬರಿನದು, ಆಮೇಲೆ 1000. ಒಂದೊಂದು ಕಡೆ ಹದಿನೈದರಿಂದ ಇಪ್ಪತ್ತು ಡಿಗ್ರಿ. ಬೆರಳಿಗೆ ಬಾಯಿಯುದ್ದಕ್ಕೂ ಸಣ್ಣ ತರಿ ತಾಕುವವರೆಗೆ ಒಂದು ಕಡೆ, ಆಮೇಲೆ ಇನ್ನೊಂದು ಕಡೆ.

ಅಮ್ಮ ಮೊದಲು ಹೆಚ್ಚಿದ್ದು ಬಾಳೆಕಾಯಿ. ಸಂಜೆಯೊಳಗೆ ಅಲಗು ಕಪ್ಪಾಯಿತು. "ಹಾಳಾಯ್ತೇನೋ?" ಅಂತ ಗಾಬರಿಯಿಂದ ತಂದು ತೋರಿಸಿದರು. ಇಲ್ಲಮ್ಮ, ಇದು ಸ್ಟೇನ್‌ಲೆಸ್ ಅಲ್ಲ, ಕಪ್ಪು ತಿರುಗುವುದೇ ಇದರ ಗುಣ ಅಂದೆ. ತೊಳೆದ ಕೂಡಲೇ ಒರೆಸಿ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹತ್ತಿರ ಬರುವುದಿಲ್ಲ. ಈಗ ಅವರು ಆ ಚಾಕುವನ್ನು ಬೇರೆ ಪಾತ್ರೆಗಳ ಜೊತೆ ಸಿಂಕಿನಲ್ಲಿ ಬಿಡುವುದಿಲ್ಲ, ಯಾರಿಗೂ ಬಿಡಲು ಕೊಡುವುದೂ ಇಲ್ಲ.