ಗೆಳತಿಯರ ಮಗ್ಗುಲಲ್ಲಿ ಕೂತು ಕಲಿತದ್ದು

ಒಳ್ಳೆ ಕೆಲಸ ಮಾಡುವ ಗೆಳತಿಯನ್ನು ಹೊಗಳುವುದು ಸುಲಭ. "ನಿನ್ನ ಕೈಯಾಗ ದೇವರಿದ್ದಾನ ನೋಡು" ಅಂದುಬಿಟ್ಟರೆ ಅವರಿಗೂ ಖುಷಿ, ನಮಗೂ ಹಗುರ. ಆದರೆ ಅಷ್ಟಕ್ಕೇ ಬಿಟ್ಟರೆ ಅವರು ಪಟ್ಟ ಶ್ರಮ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನಾನು ಧಾರವಾಡದಲ್ಲಿ ಕಸೂತಿ ಹಾಕುತ್ತೇನೆ. ನನಗೆ ಬರುವುದರಲ್ಲಿ ಬಹುಪಾಲು ಸ್ನೇಹಿತರಿಂದ ಬಂದದ್ದು. ಅವರು ಮುಗಿಸಿಟ್ಟದ್ದನ್ನು ನೋಡಿ ಅಲ್ಲ, ಮಾಡುವಾಗ ಪಕ್ಕದಲ್ಲಿ ಕೂತು.

ನನಗಿಂತ ಎಷ್ಟೋ ಚೆನ್ನಾಗಿ ಕಸೂತಿ ಹಾಕುವ ಗೆಳತಿಯೊಬ್ಬಳಿದ್ದಾಳೆ. "ನೀ ನಿನ್ನ ಕೆಲಸಾ ಮಾಡು, ನಾ ಸುಮ್ನ ಕೂಡತೇನಿ" ಅಂತ ಕೇಳಿಕೊಂಡೆ. ಒಪ್ಪಿದಳು.

ಕಸೂತಿಗೆ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವ ರೂಢಿ ಇಲ್ಲ. ಎಳೆ ಎಣಿಸಿಯೇ ಹೊಲಿಯಬೇಕು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಮನೆ, ಅಂದರೆ ಎಣಿಸಿದ ಎಳೆಗಳಷ್ಟು ಜಾಗ, ತುಂಬಿ ಒಂದು ಮನೆ ಬಿಡುತ್ತೇವೆ. ತಿರುಗಿ ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಹೊರಟ ಜಾಗಕ್ಕೇ ಬರಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ ಎರಡರಲ್ಲೂ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರದಿದ್ದದ್ದು, ಅವಳು ಸೂಜಿ ಹಿಡಿಯುವ ಮೊದಲು ಏನು ಮಾಡುತ್ತಾಳೆ ಅನ್ನೋದು. ಅವತ್ತು ಗೋಪುರ ಹಾಕಬೇಕಿತ್ತು. ಚೌಕುಳಿ ಹಾಳೆ ಮೇಲೆ ಗೋಪುರ ಬರೆದುಕೊಂಡು, ಬೆರಳಿನಿಂದ ದಾರದ ದಾರಿ ಹುಡುಕುತ್ತ ಕೂತಳು. ಕವಲು ಬಂದಲ್ಲಿ ಬೆರಳು ನಿಲ್ಲುತ್ತಿತ್ತು. ಆ ಕವಲಿಗೆ ಹೋಗಿ, ತಿರುಗಿ ಬಂದು, ಆಮೇಲೆ ಮುಂದಕ್ಕೆ. ಒಂದು ಕಡೆ ದಾರಿ ಕಟ್ಟಿತು. ಮತ್ತೆ ಬುಡದಿಂದ ಶುರು. ಚಹಾ ಆರಿ ಹೋಯಿತು, ಅವಳು ಕತ್ತು ಎತ್ತಲಿಲ್ಲ. ಕೊನೆಗೆ ನನ್ನ ಕಡೆ ನೋಡಿ ಹೇಳಿದಳು: "ಎಲ್ಲಿ ಹೊಕ್ಕು ಎಲ್ಲಿ ಹೊರಗ ಬರ್ತಿ ಅನ್ನೋದು ಗೊತ್ತಾಗೋತನಕ ಸೂಜಿ ಮುಟ್ಟಬ್ಯಾಡವಾ."

ಈಗ ನನ್ನ ಹತ್ತಿರವೂ ಚೌಕುಳಿ ನೋಟ್‌ಬುಕ್ ಇದೆ. ತುಳಸಿಕಟ್ಟೆ, ತೇರು, ಆನೆ, ಏನೇ ಇರಲಿ, ಮೊದಲು ಬಾಣದ ಗುರುತು ಹಾಕಿ ದಾರಿ ಬರೆದುಕೊಳ್ಳುತ್ತೇನೆ. ಹೊಸದಾದರೆ ಮ್ಯಾಟಿ ಬಟ್ಟೆ ಮೇಲೆ ಹಾಕಿ ನೋಡುತ್ತೇನೆ, ಅದರಲ್ಲಿ ಎಳೆ ಎಣಿಸುವುದು ಸಲೀಸು. ಅವಳ ಇನ್ನೊಂದು ಪದ್ಧತಿಯನ್ನೂ ತೆಗೆದುಕೊಂಡೆ. ಕೆಲಸ ತೋರಿಸಿದರೆ ಅವಳು "ಮೊದ್ಲ ಹಿಂದಿನ ಬಾಜು ತೋರಸು" ಅನ್ನುತ್ತಾಳೆ. ನಾನೂ ಈಗ ಹಾಗೇ ನೋಡುತ್ತೇನೆ.

ಹುಬ್ಬಳ್ಳಿಯಲ್ಲಿ ಹಾಡುವ ಗೆಳತಿ ಇದ್ದಾಳೆ. ದಿನವಿಡೀ ನೌಕರಿ, ಬೆಳಗಿನ ಜಾವ ರಿಯಾಜು, ಅಂದರೆ ಹಾಡಿನ ಅಭ್ಯಾಸ. ಅವಳದ್ದು ಹಿಂದುಸ್ತಾನಿ ಸಂಗೀತದ ಕಿರಾನಾ ಘರಾಣೆ, ಅಂದರೆ ಒಂದೊಂದೇ ಸ್ವರ ಹಿಡಿದು ನಿಧಾನಕ್ಕೆ ರಾಗ ಬೆಳೆಸುವ ಹಾದಿ. ಅದೇ ಘರಾಣೆಯ ಗಾಯಕಿ ಗಂಗೂಬಾಯಿ ಹಾನಗಲ್ (1913–2009) ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಅದನ್ನು ಹೇಳುವಾಗೆಲ್ಲ ಅವಳ ದನಿ ಬದಲಾಗುತ್ತದೆ. ಇಷ್ಟು ದಿನವಾದರೂ ಭೀಮಪಲಾಸಿ ರಾಗ ಬಿಟ್ಟಿಲ್ಲವಲ್ಲ ಅಂದರೆ, "ಇನ್ನೂ ಅದು ನನ್ನ ಬಿಟ್ಟಿಲ್ಲ" ಅನ್ನುತ್ತಾಳೆ. ಅವಳನ್ನು ನೋಡಿ ನಾನು ಒಂದು ಸಲಕ್ಕೆ ಒಂದೇ ಚಿತ್ರ ಹಿಡಿಯುವುದು ರೂಢಿ ಮಾಡಿಕೊಂಡೆ. ಕೈಗೆ ಪಾಠವಾಗುವತನಕ ಇನ್ನೊಂದಕ್ಕೆ ಹೋಗುವುದಿಲ್ಲ.

ಹಾವೇರಿ ಕಡೆಯ ಗೆಳೆಯ ಊರ ಜಾತ್ರೆಗೆ ನಾಟಕ ಕಲಿಸುತ್ತಾನೆ. ಮೆಣಸಿನಕಾಯಿ ಬಿಡಿಸಿ ದಣಿದು ಬಂದವರು ರಾತ್ರಿ ಗುಡಿ ಮುಂದೆ ತಾಲೀಮಿಗೆ ನಿಲ್ಲುತ್ತಾರೆ. ಮಾತು ಮರೆಯುವವನನ್ನು ಅವನು ಬಯ್ಯುವುದಿಲ್ಲ, ಅವನಿಗೆ ಒಪ್ಪುವ ಪಾತ್ರ ಕೊಡುತ್ತಾನೆ. ಜಾತ್ರೆ ದಿನ ಮುಂದಕ್ಕೆ ಹೋಗುವುದಿಲ್ಲ, ಅಲ್ವಾ? ಹಾಗಾಗಿ ನಾನೂ ಸೀರೆ ಒಪ್ಪಿಕೊಳ್ಳುವಾಗಲೇ ಕೊಡುವ ದಿನ ಹೇಳುತ್ತೇನೆ.

ಇವರ ಎಲ್ಲವನ್ನೂ ತೆಗೆದುಕೊಳ್ಳಲಿಲ್ಲ. ಬೆಳಗಿನ ಜಾವ ಏಳುವುದು ನನ್ನ ಮನೆಗೆ ಹೊಂದುವುದಿಲ್ಲ. ನನಗೆ ಮಧ್ಯಾಹ್ನವೇ ಸರಿ. ಕರಿ ಬಟ್ಟೆಯ ಎಳೆ ಕಾಣಬೇಕಾದರೆ ಹಗಲು ಬೆಳಕು ಬೇಕು. ಕಸೂತಿ ಗೆಳತಿಯೂ ಹೊತ್ತು ಮುಳುಗಿದ ಮೇಲೆ ಕರಿ ಸೀರೆ ಮುಟ್ಟುವುದಿಲ್ಲ, ಎಷ್ಟೇ ಅವಸರವಿದ್ದರೂ. ಛಲ ಇದ್ದವರು ಕಣ್ಣು, ಬೆನ್ನು ಉಳಿಸಿಕೊಳ್ಳುವುದನ್ನೂ ನೋಡಿ ಕಲಿಯಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ಹೇಳಲೇಬೇಕು. ಗೆಳತಿ ಅಂತ ಪುಕ್ಕಟೆ ಕೆಲಸ ಕೇಳಬೇಡಿ. "ಒಂದ್ ಸಣ್ಣ ನವಿಲು ಹಾಕಿಕೊಡ" ಅನ್ನುವವರು ಜಾಸ್ತಿ. ಆ ಸಣ್ಣ ನವಿಲಿಗೆ ಎಷ್ಟು ಹೊತ್ತು ಬೇಕು ಅಂತ ಪಕ್ಕದಲ್ಲಿ ಕೂತವರಿಗೆ ಗೊತ್ತು. ನಾನು ಕಸೂತಿ ಗೆಳತಿಯಿಂದ ಏನೇ ಮಾಡಿಸಿಕೊಂಡರೂ ಪೂರ್ತಿ ದುಡ್ಡು ಕೊಡುತ್ತೇನೆ. ಅವಳಿಗೆ ಅವಸರದ ಕೆಲಸ ಬಂದರೆ ರೊಟ್ಟಿ, ಪಲ್ಯ ನಮ್ಮ ಮನೆಯಿಂದ ಹೋಗುತ್ತದೆ. ಹಾಡುವ ಗೆಳತಿಯ ಕಛೇರಿ ಇದ್ದರೆ ಟಿಕೆಟ್ ತೆಗೆದುಕೊಂಡೇ ಹೋಗುತ್ತೇನೆ.

ಈಗ ಒಂದು ಚಂದ್ರಕಾಳಿ, ಅಂದರೆ ಕರಿ ಸೀರೆಯನ್ನು ನಾನೂ ಕಸೂತಿ ಗೆಳತಿಯೂ ಸೇರಿ ಹಿಡಿದಿದ್ದೇವೆ. ಸೆರಗಿನ ಗೋಪುರ ಅವಳದು, ಒಡಲಿನ ಸಣ್ಣ ತುಳಸಿಕಟ್ಟೆಗಳು ನನ್ನವು. ಮದುಮಗಳ ಮನೆಯವರಿಗೆ ದಿನ ಹೇಳಿಯಾಗಿದೆ.