ಎಡಗಾಲಿಗೂ ಒಂದು ಸರದಿ

ದಾವಣಗೆರೆ ಬಿಸಿಲು ಗೊತ್ತಲ್ವಾ, ಮಾರ್ಚ್ ಬಂತೆಂದರೆ ಬೆಳಗ್ಗೆ ಏಳೂವರೆಗೇ ಚುರುಗುಟ್ಟುತ್ತದೆ. ಅಷ್ಟರೊಳಗೆ ನಾನು ಕುಂದವಾಡ ಕೆರೆಯ ಕಡೆ ಒಂದು ಸುತ್ತು ನಡೆದು ಬರುತ್ತಿದ್ದೆ. ಮಗಳ ಕಾಲೇಜಿನ ಹೊತ್ತು ಬದಲಾಗಿ, ಏಳಕ್ಕೇ ಡಬ್ಬಿ ಕಟ್ಟಬೇಕಾದ ಮೇಲೆ ಅದು ತಪ್ಪಿಹೋಯಿತು. ಮೂರು ತಿಂಗಳಲ್ಲಿ ನಮ್ಮ ಮಹಡಿ ಮೆಟ್ಟಿಲು ಹತ್ತಿದರೂ ಏದುಸಿರು. ನನಗೀಗ 46. ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಮೈ ಬೆವರಬೇಕು ಎಂದು ಡಾಕ್ಟರು ಹೇಳಿದ್ದು ತಲೆಯಲ್ಲಿತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಜೋರಾಗಿ ಮಾಡುವವರಿಗೆ 75 ನಿಮಿಷವೂ ಸಾಕಂತೆ.

ಮನೆಯಲ್ಲೇ ಮಾಡೋಣ ಎಂದು ಟಿವಿಯಲ್ಲಿ ಒಂದು ಡ್ಯಾನ್ಸ್ ವಿಡಿಯೊ ಹಾಕಿದೆ. ಮೂವತ್ತು ನಿಮಿಷದ್ದು. ಹೇಳಿಕೊಡುವವರು ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ, ಬರೀ ಕೈಸನ್ನೆ. ಮೂರನೇ ನಿಮಿಷಕ್ಕೆ ಅವರು ಟಿವಿಯೊಳಗೆ ಆ ಕಡೆ, ನಾನು ಗೋಡೆಯ ಕಡೆ. ನಾಲ್ಕು ದಿನಕ್ಕೆ ಬಿಟ್ಟೆ. ತಪ್ಪು ಅವರದ್ದಲ್ಲ. ಜುಂಬಾ ಥರದ ಪಾಠಗಳು ನಡೆಯುವುದೇ ಹಾಗೆ, ನೋಡುತ್ತಾ ಕುಣಿಯುತ್ತಾ ಹೋಗಬೇಕು. ಕೊಲಂಬಿಯಾದ ವ್ಯಾಯಾಮ ಶಿಕ್ಷಕ ಬೆಟೊ ಪೆರೆಝ್ ಒಂದು ದಿನ ಏರೋಬಿಕ್ಸ್ ಕ್ಯಾಸೆಟ್ ಮರೆತು, ತನ್ನ ಹತ್ತಿರವಿದ್ದ ಸಾಲ್ಸಾ ಹಾಡು ಹಾಕಿ ಕುಣಿಸಿದ್ದರಿಂದ ಹುಟ್ಟಿದ್ದಂತೆ ಅದು. ನನಗೆ ಎಣಿಕೆ ಬೇಕಿತ್ತು. ಶಾಲೆಯಲ್ಲಿ ಕೋಲಾಟ ಆಡಿದವಳು ನಾನು. ಎಣಿಕೆ ಸಿಕ್ಕಿದರೆ ಕಾಲು ತಾನೇ ಬರುತ್ತದೆ.

ಎಣಿಕೆ ಸಿಕ್ಕಿದ್ದು ಸ್ಟೆಪ್ ವಿಡಿಯೊಗಳಲ್ಲಿ. ಹಲಗೆ ಹತ್ತು, ಇಳಿ, ಅಷ್ಟೇ. ಅಮೆರಿಕದ ಜಿನ್ ಮಿಲ್ಲರ್ ಎಂಬುವರು ಮೊಣಕಾಲಿಗೆ ಪೆಟ್ಟಾದಾಗ, ಗಟ್ಟಿಯಾಗಲು ಹತ್ತಿ ಇಳಿಯಿರಿ ಎಂದು ಡಾಕ್ಟರು ಹೇಳಿದ್ದನ್ನೇ 1980ರ ದಶಕದ ಕೊನೆಯಲ್ಲಿ ಒಂದು ಪಾಠವಾಗಿ ಬೆಳೆಸಿದರು. ಅದನ್ನು ಓದಿಯೇ ನನಗೆ ಧೈರ್ಯ ಬಂದದ್ದು.

ಆದರೆ ಹಲಗೆ ವಿಷಯದಲ್ಲಿ ಆತುರಪಟ್ಟೆ. ಊಟದ ಮಣೆ ಇಟ್ಟು ಶುರು ಮಾಡಿದೆ. ಮೊಸಾಯಿಕ್ ನೆಲ, ಮಣೆ ಜಾರಿತು, ಪಾದ ಉಳುಕಿ ಹತ್ತು ದಿನ ಕೂತೆ. ದಯವಿಟ್ಟು ಮಣೆ, ಪ್ಲಾಸ್ಟಿಕ್ ಸ್ಟೂಲು ಯಾವುದನ್ನೂ ಬಳಸಬೇಡಿ. ಆಮೇಲೆ ಬಡಗಿಯವರ ಹತ್ತಿರ ದಪ್ಪ ಪ್ಲೈವುಡ್‌ನಲ್ಲಿ ಒಂದು ಪೆಟ್ಟಿಗೆ ಮಾಡಿಸಿದೆ. ಉದ್ದ 30 ಇಂಚು, ಅಗಲ 14, ಎತ್ತರ 4. ಮೇಲೂ ಕೆಳಗೂ ರಬ್ಬರ್ ಶೀಟು ಅಂಟಿಸಿದ್ದಾರೆ. ಅಲ್ಲಾಡುವುದಿಲ್ಲ. ವಿಡಿಯೊದಲ್ಲಿ 6 ಇಂಚು, 8 ಇಂಚು ಇಟ್ಟುಕೊಂಡಿರುತ್ತಾರೆ. ಹೊಸಬರಿಗೆ 4 ಧಾರಾಳ ಸಾಕು. ಬರಿಗಾಲೂ ಬೇಡ, ಸಾಕ್ಸ್ ಅಂತೂ ಬೇಡವೇ ಬೇಡ. ಶೂ ಹಾಕಿಕೊಳ್ಳಿ.

ಈಗ ಎಣಿಕೆ. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ನಾಲ್ಕು ಎಣಿಕೆಗೆ ಒಂದು ಬೇಸಿಕ್. ಮೇಲೆ ಹತ್ತುವಾಗ ಕಾಲು ಅಗಲ ಇಟ್ಟು, ಇಳಿದಾಗ ಜೋಡಿಸಿದರೆ ವಿ ಸ್ಟೆಪ್. ಒಂದು ಕಾಲು ಹಲಗೆ ಮೇಲಿಟ್ಟು ಇನ್ನೊಂದರ ಮೊಣಕಾಲು ಎತ್ತಿದರೆ ನೀ ಅಪ್. ಇವಕ್ಕೂ ನಾಲ್ಕೇ ಎಣಿಕೆ. ಹಾಡು ಸಾಮಾನ್ಯವಾಗಿ 32 ಎಣಿಕೆಗೆ ಒಂದು ಸುತ್ತು ಮುಗಿಸುತ್ತದೆ. ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಟಿವಿ ಪಕ್ಕ ಅಂಟಿಸಿದೆ: ಬೇಸಿಕ್ 2, ವಿ 2, ನೀ ಅಪ್ 3, ನೆಲದ ಮೇಲೆ ನಡಿಗೆ 4 ಹೆಜ್ಜೆ. ಕೂಡಿಸಿ ನೋಡಿ, ಸರಿಯಾಗಿ 32.

ನೀ ಅಪ್ ಮೂರೇ ಯಾಕೆ? ಎತ್ತಿದ ಕಾಲೇ ಮೊದಲು ಕೆಳಗಿಳಿಯುವುದರಿಂದ, ಒಂದೊಂದು ಸಲ ಮಾಡಿದಾಗಲೂ ಮೊದಲು ಹತ್ತುವ ಕಾಲು ಬದಲಾಗುತ್ತದೆ. ಎರಡೋ ನಾಲ್ಕೋ ಮಾಡಿದರೆ ಮತ್ತೆ ಬಲಗಾಲಿಗೇ ಬರುತ್ತೀರಿ. ಮೂರು ಮಾಡಿದರೆ ಮುಂದಿನ ಸುತ್ತು ಎಡಗಾಲಿನದು. ಕೆಲವು ವಿಡಿಯೊಗಳಲ್ಲಿ ಬಲಗಾಲಿನಲ್ಲಿ ಶುರು ಮಾಡಿ ಬಲಗಾಲಲ್ಲೇ ಮುಗಿಸುತ್ತಾರೆ. ಆರು ವಾರ ಹಾಗೇ ಮಾಡಿ ನನಗೆ ಬಲ ಮೊಣಕಾಲು ಮಾತ್ರ ನೋಯತೊಡಗಿತ್ತು. ಈಗ ವಿಡಿಯೊ ಆರಿಸುವಾಗ ಮೊದಲು ಇದನ್ನೇ ನೋಡುತ್ತೇನೆ, ಎಡಗಾಲಿಗೂ ಸರದಿ ಉಂಟೋ ಇಲ್ಲವೋ. ಎಷ್ಟು ಕ್ಯಾಲೊರಿ ಎಂದು ಬರೆದಿರುವುದನ್ನು ನೋಡುವುದೇ ಬಿಟ್ಟೆ.

ಹೊಸ ಹೆಜ್ಜೆ ಬಂದರೆ ಯೂಟ್ಯೂಬಿನಲ್ಲಿ ವೇಗ 0.75ಕ್ಕೆ ಇಳಿಸುತ್ತೇನೆ. ಹಾಡು ಎಳೆದ ಹಾಗೆ ಕೇಳುತ್ತದೆ, ಆದರೆ ಕಾಲಿಗೆ ಪುರುಸೊತ್ತು ಸಿಗುತ್ತದೆ. ಒಂದು ವಾರ ಒಂದೇ ಸುತ್ತು, ಮುಂದಿನ ವಾರ ಇನ್ನೊಂದು.

ಕೆಳಗಿನ ಮನೆ ಅಜ್ಜಿ ಮೊದಲ ವಾರವೇ ಕೇಳಿದ್ದರು, "ಏನವ್ವಾ, ಬೆಳಬೆಳಗ್ಗೆ ಮೇಲೆ ಏನ್ ಕುಟ್ತೀಯ?" ಆ ಮಾತಿನಿಂದ ನನಗೆ ದೊಡ್ಡ ಉಪಕಾರವಾಯಿತು. ಸದ್ದಾಗುತ್ತಿದೆ ಎಂದರೆ ಕಾಲು ಕುಕ್ಕುತ್ತಿದ್ದೇನೆ ಎಂದರ್ಥ, ಆ ಪೆಟ್ಟು ಮೊಣಕಾಲಿಗೇ. ಹತ್ತುವಾಗ ಇಡೀ ಪಾದ ಹಲಗೆ ಮೇಲೆ ಕೂರಬೇಕು, ಹಿಮ್ಮಡಿ ಹೊರಗೆ ನೇತಾಡಬಾರದು. ಇಳಿಯುವಾಗ ಹಲಗೆಗೆ ಹತ್ತಿರವೇ, ಮೊದಲು ಮುಂಗಾಲು, ಆಮೇಲೆ ಹಿಮ್ಮಡಿ. ಈಗ ವಾರಕ್ಕೊಮ್ಮೆ ಅಜ್ಜಿಯನ್ನೇ ಕೇಳುತ್ತೇನೆ, "ಸದ್ದು ಬಂತಾ ಅಜ್ಜಿ?" ಇಲ್ಲ ಎಂದರೆ ಸಮಾಧಾನ.

ಐದೂವರೆಗೆ ಕಿಟಕಿ ತೆರೆದು ಶುರು. ಐದು ನಿಮಿಷ ಸುಮ್ನೆ ನಡಿಗೆ, ಇಪ್ಪತ್ತೈದು ನಿಮಿಷ ಸ್ಟೆಪ್, ಕೊನೆಗೆ ಮೀನಖಂಡ ಎಳೆಯುವುದು. ವಾರಕ್ಕೆ ಐದು ದಿನ. ಮಧ್ಯೆ ಮಗಳು ಏನಾದರೂ ಕೇಳಿದರೆ ಉತ್ತರ ಕೊಡುವಷ್ಟು ಉಸಿರಿರಬೇಕು, ಹಾಡು ಹೇಳುವಷ್ಟು ಬೇಡ. ನನಗೆ ಅದೇ ಅಳತೆ. ಐದು ತಿಂಗಳಲ್ಲಿ ತೂಕ ಇಳಿದದ್ದು ಎರಡೇ ಕಿಲೊ. ಆದರೆ ಮಾರ್ಕೆಟ್‌ನಿಂದ ಎರಡು ಚೀಲ ಹಿಡಿದು ಮಹಡಿ ಹತ್ತಿದರೂ ಏದುಸಿರಿಲ್ಲ.

ಹೋದ ವಾರ, ಬಿಟ್ಟಿದ್ದ ಆ ಡ್ಯಾನ್ಸ್ ವಿಡಿಯೊವನ್ನೇ ಮತ್ತೆ ಹಾಕಿದೆ. ಯಾರೂ ಎಣಿಸದಿದ್ದರೂ ಎಂಟು ಎಣಿಕೆ ನನಗೇ ಕೇಳಿಸಿತು. ಅಡ್ಡಡ್ಡ ಹೋಗುವ ಗ್ರೇಪ್‌ವೈನ್, ಹಿಂದೆ ಮುಂದೆ ತೂಗುವ ಮ್ಯಾಂಬೊ, ಎಲ್ಲ ಗುರುತು ಸಿಕ್ಕವು. ತಪ್ಪಿದ್ದು ಹದಿನೇಳನೇ ನಿಮಿಷದ ತಿರುವಿನಲ್ಲಿ, ಅದೂ ಎಡಕ್ಕೆ ತಿರುಗುವಾಗ. ಈ ವಾರ ಅದೊಂದನ್ನೇ 0.75ರಲ್ಲಿ ಮಾಡುತ್ತಿದ್ದೇನೆ.