ವಿಂಟರ್ ಟಯರೋ, ಆಲ್-ಸೀಸನ್ ಟಯರೋ? ವೇಗದ ಎಲೆಕ್ಟ್ರಿಕ್ ಕಾರಿಗೆ ಆರಿಸುವುದು ಹೇಗೆ

ಕೆಲಸಕ್ಕೆಂದು ಜರ್ಮನಿಯ ಮ್ಯೂನಿಕ್‌ಗೆ ಬಂದ ನಮ್ಮವರು ಟೆಸ್ಲಾ ಮಾಡೆಲ್ 3 ಪರ್ಫಾರ್ಮೆನ್ಸ್‌ನಂಥ ಕಾರು ಕೊಂಡ ಮೊದಲ ಚಳಿಗಾಲದಲ್ಲಿ ಒಂದೇ ಮಾತು ಹೇಳುತ್ತಾರೆ: ‘ಆಲ್-ವೀಲ್ ಡ್ರೈವ್ ಇದೆಯಲ್ಲ, ಬೇರೆ ಟಯರ್ ಯಾಕೆ?’ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ಆಲ್-ವೀಲ್ ಡ್ರೈವ್ ಕಾರನ್ನು ಹೊರಡಿಸೀತು, ನಿಲ್ಲಿಸಬೇಕಾದ್ದು ರಬ್ಬರು. ಉಷ್ಣಾಂಶ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟಯರಿನ ರಬ್ಬರು ಬಿರುಸಾಗುತ್ತಾ ಹೋಗುತ್ತದೆ. ಸುಮಾರು 1,850 ಕಿಲೋ ತೂಗುವ ಕಾರು ಗೇಟಿನ ಇಳಿಜಾರಿನಲ್ಲಿ ನಡೆಯುವ ವೇಗದಲ್ಲೇ ಜಾರಿ ಕಂಬಕ್ಕೆ ಒರಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮೊದಲು ನಿಮ್ಮ ಓಡಾಟ ಲೆಕ್ಕ ಹಾಕಿ. ಕಲೋನ್, ಡ್ಯುಸೆಲ್‌ಡಾರ್ಫ್ ಕಡೆ ಇದ್ದು, ಹಿಮ ಬಿದ್ದ ದಿನ ಕಾರು ತೆಗೆಯದವರಿಗೆ ವರ್ಷವಿಡೀ ಓಡಿಸುವ ಆಲ್-ಸೀಸನ್ ಟಯರ್ ಸಾಕು. ಮ್ಯೂನಿಕ್‌ನಲ್ಲಿದ್ದು ವಾರಾಂತ್ಯಕ್ಕೆ ಆಲ್ಪ್ಸ್ ಹತ್ತುವವರು ವಿಂಟರ್ ಟಯರನ್ನೇ ಕೊಳ್ಳಿ. ಆಲ್-ಸೀಸನ್ ಹಾಕಿದರೆ ಜುಲೈ ತಿಂಗಳ ಆಟೋಬಾನ್‌ನಲ್ಲಿ (ಜರ್ಮನಿಯ ಹೆದ್ದಾರಿ) ಬ್ರೇಕಿನ ದೂರ ಹೆಚ್ಚುತ್ತದೆ, ತಿರುವಿನಲ್ಲಿ ಸ್ಟೀರಿಂಗ್ ಸಡಿಲ ಅನ್ನಿಸುತ್ತದೆ. ದುಡ್ಡು ಕೊಟ್ಟು ಇಂಥ ಕಾರು ಕೊಂಡಿದ್ದರ ಅರ್ಥವೇ ಹೋಗುತ್ತದೆ.

ಎರಡನೆಯದು ರಿಮ್. 20 ಇಂಚಿನದ್ದು ಬೇಸಿಗೆಗಿರಲಿ. ಚಳಿಗಾಲಕ್ಕೆ 19 ಇಂಚಿನ ಇನ್ನೊಂದು ಸೆಟ್ ತೆಗೆದುಕೊಳ್ಳಿ. ಟಯರಿನ ಪಕ್ಕದ ಗೋಡೆ ಎತ್ತರವಾಗಿ ಗುಂಡಿಯ ಪೆಟ್ಟು ತಡೆಯುತ್ತದೆ, ಬೆಲೆಯೂ ಇಳಿಯುತ್ತದೆ. ದೊಡ್ಡ ಬ್ರೇಕಿಗೆ ರಿಮ್ ತಾಗದೆಂದು ಮಾರುವವರಿಂದ ಬರಹದಲ್ಲೇ ಪಡೆಯಿರಿ.

ಜನ ಹೆಚ್ಚು ಎಡವುವುದು ಮುಂದಿನ ಹಂತದಲ್ಲಿ: ಟಯರಿನ ಪಕ್ಕದ ಬರಹ ಓದುವುದು. ಒದ್ದೆ ಬಟ್ಟೆಯಿಂದ ಒರೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ ಕಾಣಬೇಕು. ಹಿಮದ ಮೇಲೆ ಪರೀಕ್ಷೆ ಪಾಸಾದ ಟಯರಿಗೆ ಮಾತ್ರ ಆ ಗುರುತು ಸಿಗುತ್ತದೆ. ಬರೀ ‘ಎಂ+ಎಸ್’ (ಮಡ್ ಆ್ಯಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಕ್ಷರ ನಂಬಬೇಡಿ. ಅದನ್ನು ಯಾವ ಪರೀಕ್ಷೆಯೂ ಇಲ್ಲದೆ ತಯಾರಕರೇ ಹಾಕಿಕೊಳ್ಳಬಹುದು. 2024ರ ಅಕ್ಟೋಬರ್ 1ರಿಂದ ಜರ್ಮನಿಯಲ್ಲಿ ಎಂ+ಎಸ್ ಅನ್ನು ವಿಂಟರ್ ಟಯರೆಂದು ಒಪ್ಪುವುದೂ ಇಲ್ಲ. ಹಿಮ, ಮಂಜುಗಡ್ಡೆಯ ರಸ್ತೆಯಲ್ಲಿ ಸರಿಯಾದ ಟಯರಿಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ, ಜೊತೆಗೆ ಚಾಲಕನ ದಾಖಲೆಯಲ್ಲಿ ಒಂದು ದಂಡದ ಪಾಯಿಂಟ್. ಅಮೆರಿಕದಿಂದ ವರ್ಗವಾಗಿ ಬಂದವರು ಇನ್ನೂ ಎಚ್ಚರ ವಹಿಸಿ: ಅಲ್ಲಿ ‘ಆಲ್-ಸೀಸನ್’ ಎಂದು ಮಾರುವ ಎಷ್ಟೋ ಟಯರುಗಳಿಗೆ ಬೆಟ್ಟದ ಗುರುತಿಲ್ಲ.

ಈಗ ಸಂಖ್ಯೆ. 235/40 ಆರ್19 96ವಿ ಎಂದಿದೆ ಅನ್ನಿ. 235/40 ಆರ್19 ಅಂದರೆ ಟಯರಿನ ಅಳತೆ. 96 ಅಂದರೆ ಒಂದು ಟಯರ್ 710 ಕಿಲೋ ಹೊರುತ್ತದೆ; 92 ಆದರೆ 630 ಕಿಲೋ. ಬ್ಯಾಟರಿಯ ತೂಕದಿಂದಾಗಿ ಇಲ್ಲಿ ಚೌಕಾಸಿ ಸಲ್ಲದು: ಕಾರಿನ ದಾಖಲೆಯಲ್ಲಿ ನಿಮ್ಮ ಅಳತೆಗೆ ಬರೆದ ಅಂಕಿಗಿಂತ ಒಂದೂ ಕಡಿಮೆ ಬೇಡ. ‘ವಿ’ ಅಂದರೆ ಗಂಟೆಗೆ 240 ಕಿ.ಮೀ. ಮಿತಿ. ವಿಂಟರ್ ಟಯರಿಗೆ ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆ ಮಿತಿ ಇರಬಹುದು, ಆದರೆ ಆ ಅಂಕಿಯ ಸ್ಟಿಕರ್ ಚಾಲಕನ ಕಣ್ಣೆದುರು ಅಂಟಿರಬೇಕು. ಕೊನೆಗೆ ಡಾಟ್ (DOT) ಸಂಖ್ಯೆ, ಅಂದರೆ ತಯಾರಾದ ವಾರ, ವರ್ಷ: 3624 ಅಂದರೆ 2024ರ 36ನೇ ವಾರ ತಯಾರಾದದ್ದು. ಎರಡು ವರ್ಷ ಮೀರಿದ ದಾಸ್ತಾನನ್ನು ರಿಯಾಯಿತಿ ಕೊಟ್ಟರೂ ನಾನು ಮುಟ್ಟುವುದಿಲ್ಲ. ಹೆಸರೇ ಕೇಳದ ಕಂಪನಿಯ ಅಗ್ಗದ ಟಯರೂ ಬೇಡ. ಒಣ ರಸ್ತೆಯಲ್ಲಿ ಚೆನ್ನಾಗಿಯೇ ಓಡಿ, ಒದ್ದೆಯಲ್ಲಿ ಕೈಕೊಡುತ್ತವೆ. ‘ಮುಂದೆ ಎರಡು ಸಾಕು’ ಅನ್ನುವವರ ಮಾತು ಕೇಳಲೇಬೇಡಿ, ನಾಲ್ಕೂ ಒಂದೇ ಇರಲಿ.

ವಿಂಟರ್ ಟಯರ್ ಕಾರಿನಲ್ಲಿರುವುದು ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ. ಜ್ಯಾಕ್ ಇಡುವಾಗ ಪಕ್ಕದಲ್ಲೇ ನಿಂತಿರಿ. ಕಾರಿನ ಹೊಟ್ಟೆಯ ತುಂಬ ಬ್ಯಾಟರಿ. ಅದಕ್ಕೆಂದೇ ಇರುವ ತೂತಿಗೆ ರಬ್ಬರ್ ಬಿಲ್ಲೆ ಕೂರಿಸಿ ಎತ್ತಬೇಕು. ಒಂದು ವರ್ಕ್‌ಶಾಪಿನ ಹುಡುಗ ಜ್ಯಾಕನ್ನು ನೇರ ಬ್ಯಾಟರಿ ತಟ್ಟೆಯ ಕೆಳಗೆ ತಳ್ಳಿದಾಗ ನಾನು ಕೂಗಿ ನಿಲ್ಲಿಸಿದೆ.

ಗಾಳಿಯನ್ನು ಚಳಿಯಲ್ಲೇ ಅಳೆಯಿರಿ. ಉಷ್ಣಾಂಶ 10 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. 50ರಿಂದ 100 ಕಿ.ಮೀ. ಓಡಿಸಿದ ಮೇಲೆ ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲಿ (ಬಿಗಿತ ಅಳೆಯುವ ಪಾನಾ) ಮತ್ತೆ ಪರೀಕ್ಷಿಸಿ, ಮಾಡೆಲ್ 3ಕ್ಕೆ 175 ನ್ಯೂಟನ್ ಮೀಟರ್. ಬಿಚ್ಚಿದ ಬೇಸಿಗೆ ಟಯರುಗಳ ಮೇಲೆ ಯಾವುದು ಯಾವ ಮೂಲೆಯದ್ದೆಂದು ಸೀಮೆಸುಣ್ಣದಲ್ಲಿ ಬರೆದು, ಬಿಸಿಲು ಬೀಳದ ಕಡೆ ಇಡಿ.